ಕಂಬಳಿ ಟಾಕೀಸು

ವಿದ್ಯೆಯೆಂಬುದು ಮೌನದಲ್ಲಿ ಮೊಳೆತು, ಶಿಸ್ತಿನಲ್ಲಿ ಬೆಳೆದು, ಬೆತ್ತದ ನೆರಳಿನಲ್ಲಿ ಫಲ ಕೊಡುವ ಗಂಭೀರವಾದ ವಸ್ತು. ಮೂವತ್ತಾರು ವರ್ಷ ಮಾಸ್ತರಿಕೆ ಮಾಡಿ ನಾನು ಕಂಡುಕೊಂಡ ಸತ್ಯವಿದು. ಇದರ ಫಲವೂ ಕಣ್ಣೆದುರಿಗೇ ಇದೆ. ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡ ಕೂಡಲೇ ನನ್ನ ಹಳೆಯ ವಿದ್ಯಾರ್ಥಿಗಳು ತಮ್ಮದಲ್ಲದ ಬಸ್ಸನ್ನು ಹತ್ತಿ ಹೋಗಿಬಿಡುತ್ತಾರೆ!

ನನ್ನ ತಂಗಿಯ ವಿಷಯ ಹಾಗಲ್ಲ. ಆಕೆಯನ್ನು ಕಂಡರೆ ಹಳೆಯ ವಿದ್ಯಾರ್ಥಿಗಳು ಹತ್ತಿದ ಬಸ್ಸಿನಿಂದ ಇಳಿದು ಬರುತ್ತಾರೆ. ಬಂದು, ಮೀಸೆ ಬಂದ ಗಂಡಸರು, ಕಂಕುಳಲ್ಲಿ ಕೂಸಿರುವ ಹೆಂಗಸರು, ನಡುಬೀದಿಯಲ್ಲಿ ನಿಂತು ಏಳರ ಮಗ್ಗಿಯನ್ನು ಹಾಡುತ್ತಾರೆ. ಕಂಡಕ್ಟರ ಸೀಟಿ ಊದುತ್ತಲೇ ಇರುತ್ತಾನೆ. ಇದರಿಂದ ಏನು ತಿಳಿಯಬೇಕು? ತಂಗಿ ಉತ್ತಮ ಶಿಕ್ಷಕಿ ಎಂದೇ? ಅವಸರ ಮಾಡಬೇಡಿ. ಆಕೆಗೆ ತಲೆ ನೆಟ್ಟಗಿಲ್ಲ ಎಂಬುದು ನನ್ನ ದೀರ್ಘಕಾಲದ, ಪಕ್ಷಪಾತವಿಲ್ಲದ ಅಭಿಪ್ರಾಯ. ಆಕೆಯ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಬರೆದರೆ ಮುಂದಿನ ಸಲ ಹೋದಾಗ ನನಗೆ ರೊಟ್ಟಿ ಬಡಿದು ಹಾಕುವವರು ಯಾರು?

ಆಕೆ ಒಂದರಿಂದ ಮೂರನೆಯ ಇಯತ್ತೆಯವರೆಗಿನ ಸಣ್ಣ ಮಕ್ಕಳಿಗೆ ಕಲಿಸುತ್ತಾಳೆ. ನಮ್ಮ ಕಡೆ ಹೆಣ್ಣು ಶಿಕ್ಷಕಿಯನ್ನು ‘ಅಕ್ಕೋರು’ ಎನ್ನುವುದು ವಾಡಿಕೆ. ಹೀಗಾಗಿ ಆಕೆಗಿಂತ ಏಳು ವರ್ಷ ಹಿರಿಯನಾದ, ಹೈಸ್ಕೂಲಿನ ಹೆಡ್‌ಮಾಸ್ತರನಾಗಿ ನಿವೃತ್ತನಾದ ನಾನು ಆ ಊರಿನಲ್ಲಿ ಬರೀ ‘ಅಕ್ಕೋರ ಅಣ್ಣ’. ಇಂಡಿ ತಾಲೂಕಿನ ಲಿಂಬೆ ತೋಟದ ನಡುವಿನ ಶಾಲೆ, ಮುದ್ದೇಬಿಹಾಳದ ಆಚೆಯ ಒಂದು ಶಾಲೆ, ಎಲ್ಲ ಸುತ್ತಿ ಈಗ ಕೊಲ್ಹಾರದ ಹತ್ತಿರ, ಹಿನ್ನೀರಿಗೆ ಹಳೆಯ ಊರನ್ನು ಬಿಟ್ಟುಕೊಟ್ಟು ದಿಬ್ಬದ ಮೇಲೆ ಮನೆ ಕಟ್ಟಿಕೊಂಡ ಒಂದು ಊರಿನಲ್ಲಿದ್ದಾಳೆ. ಹೋದ ವರ್ಷ ನನ್ನ ಹೆಂಡತಿ ಮಗಳ ಬಾಣಂತನಕ್ಕೆಂದು ಹೊರಟುಹೋದಳು. ನಾನು ಸ್ವಂತ ಅಡಿಗೆ ಮಾಡಿಕೊಂಡು ಎರಡು ದಿನ ಬದುಕಿದೆ. ಮೂರನೆಯ ದಿನ ತಂಗಿಯ ಊರಿನ ಬಸ್ ಹತ್ತಿದೆ. ಎಂಟು ದಿನ ಎಂದು ಹೋದವನು ಆರು ತಿಂಗಳು ಇದ್ದೆ. ಅದರ ಫಲ ಈ ಬರಹ.

ಮೊದಲ ದಿನವೇ ಶಾಲೆಯ ಕಟ್ಟೆಯ ಮೇಲೆ ಕುಳಿತು ಆಕೆಯ ಪಾಠ ಕೇಳಿದೆ. ಒಂದು ಕೋಣೆ, ಮೂರು ಇಯತ್ತೆ, ಇಪ್ಪತ್ತೆರಡು ಮಕ್ಕಳು. ಒಬ್ಬನ ಕೈಯಲ್ಲಿ ಬಡಿಯುವ ದಪ್ಪು, ಒಬ್ಬಳ ಕೈಯಲ್ಲಿ ಮೀಟುವ ತುಂತುಣಿ, ನಡುವೆ ನನ್ನ ತಂಗಿ, ಹಾಡುತ್ತಿದ್ದಾಳೆ!

ಇಲ್ಲಿ ಒಂದು ಕೌಟುಂಬಿಕ ರಹಸ್ಯವನ್ನು ಹೇಳಬೇಕು. ನಮ್ಮ ಮನೆತನದಲ್ಲಿ ಯಾರಿಗೂ ಸಂಗೀತ ಒಲಿದಿಲ್ಲ. ತಂಗಿಯ ಮೇಲಂತೂ ಅದು ಹಗೆಯನ್ನೇ ಸಾಧಿಸುತ್ತದೆ. ಆಕೆ ಸಣ್ಣವಳಿದ್ದಾಗ ನಮ್ಮವ್ವ ಒಂದು ಕಾಯಿದೆ ಮಾಡಿದ್ದಳು: “ಎಮ್ಮಿ ಹಿಂಡೂ ಹೊತ್ತಿನ್ಯಾಗ ಹಾಡಬ್ಯಾಡ ನನ್ನವ್ವಾ, ಅದು ಹಾಲ ಬಿಡೂದಿಲ್ಲ.” ಎಮ್ಮೆಯೇ ಸಹಿಸದ ಕಂಠವನ್ನು ಸರಕಾರಿ ಶಾಲೆಯ ಮಕ್ಕಳ ಮೇಲೆ ಹರಿಬಿಡುವುದು ಯಾವ ನ್ಯಾಯ? ಸಂಜೆ ಕೇಳಿಯೇಬಿಟ್ಟೆ.

“ಅಲ್ಲವಾ, ನೀ ಹಾಡೂದು ಭಾಳ ಕೆಟ್ಟ ಇರತೈತಿ.”

“ಗೊತ್ತೈತಿ.”

“ಗೊತ್ತಿದ್ದೂ ಹಾಡ್ತೀ?”

“ಗೊತ್ತಿದ್ದ ಹಾಡ್ತೇನಿ. ಅಣ್ಣಾ, ಮಾಸ್ತರ ಛಂದ ಹಾಡಿದ್ರ ಹುಡುಗೂರು ಕೈ ಕಟ್ಟಿ ಕೇಳ್ತಾವ. ಕೆಟ್ಟ ಹಾಡಿದ್ರ ತಡಕೊಳ್ಳಾಕ ಆಗದ ತಾವ ಹಾಡ್ತಾವ.”

ನನ್ನ ತರಬೇತಿಯ ಪುಸ್ತಕಗಳಲ್ಲಿ ಈ ಸೂತ್ರ ಇರಲಿಲ್ಲ. ಮರುದಿನ ಮತ್ತೆ ಹೋಗಿ ನೋಡಿದರೆ ಆಕೆ ಹೇಳಿದ್ದು ನಿಜ. ಆಕೆ ಬಾಯಿ ತೆರೆದು ಒಂದು ಸಾಲು ಎಳೆಯುವಷ್ಟರಲ್ಲಿ ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಮುಖ ಕಿವುಚಿ, “ಹಂಗಲ್ರಿ ಅಕ್ಕೋರ, ಹಿಂಗ್ರಿ!” ಎಂದು ಎದ್ದು ನಿಂತು ಹಾಡುತ್ತಾಳೆ. ಮಿಕ್ಕವರು ಅವಳ ಬೆನ್ನಿಗೆ ಬೀಳುತ್ತಾರೆ. ತಂಗಿ ತಪ್ಪಿತಸ್ಥಳಂತೆ ತಲೆ ಆಡಿಸುತ್ತ ಮೂಲೆಯಲ್ಲಿ ನಿಲ್ಲುತ್ತಾಳೆ. ಮಗ್ಗಿ ತಾನೇ ಮುಂದೆ ಹೋಗುತ್ತದೆ.

ಬರೀ ಮಗ್ಗಿಯಾದರೆ ಸಹಿಸಬಹುದಿತ್ತು. ನಮ್ಮ ಕಡೆಯ ಗೀಗೀ ಪದದಲ್ಲಿ ಎರಡು ಮೇಳ ಎದುರು ಬದುರು ನಿಂತು ಸವಾಲು-ಜವಾಬು ಹಾಡುತ್ತವೆ. ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು. ಈ ಪವಿತ್ರ ಜಗಳವನ್ನು ತಂಗಿ ಗಣಿತಕ್ಕೆ ತಂದು ಹಾಕಿದ್ದಳು. ಬಾಗಿಲ ಕಡೆಯ ಮಕ್ಕಳು ಕೂಡಿಸುವ ಮೇಳ, ಕಿಟಕಿಯ ಕಡೆಯವರು ಕಳೆಯುವ ಮೇಳ.

“ಎಂಟ ರೊಟ್ಟಿಗೆ ನಾಕ ರೊಟ್ಟಿ ಕೂಡಿಸಿ ಹನ್ನೆರಡು ಮಾಡೇನಿ, ನೀ ಏನ ಮಾಡ್ತೀಯೋ?” ಎಂದು ಒಂದು ಕಡೆ ಸವಾಲು.

“ಹನ್ನೆರಡೂ ತಿಂದು ಸೊನ್ನಿ ಉಳಸ್ತೇನಿ, ನೀ ಬುಟ್ಟಿ ತೊಳಿಯೋ!” ಎಂದು ಇನ್ನೊಂದು ಕಡೆ ಜವಾಬು. ಹಿಂದಿನಿಂದ ಎಲ್ಲರದೂ “ಗೀ ಗೀ!”

ಈ ವಿದ್ಯೆ ಶಾಲೆಯ ಕಂಪೌಂಡಿನೊಳಗೆ ನಿಲ್ಲುತ್ತದೆಯೇ? ಒಂದು ದಿನ ಒಬ್ಬ ತಾಯಿ ಖಾಲಿ ಕೊಡ ಹಿಡಿದುಕೊಂಡೇ ಶಾಲೆಗೆ ಬಂದಳು.

“ಏನ್ರಿ ಅಕ್ಕೋರ ಇದು! ಎರಡ ಕೊಡ ನೀರ ತಾರೋ ಅಂದ್ರ, ಎರಡರಾಗ ಎರಡ ಕಳದ್ರ ನಾ ಯಾಕ ಹೋಗ್ಲಿ ಅಂತ ಹಾಡ್ತಾನ್ರಿ! ಸವಾಲ ಹಾಕ್ತಾನ್ರಿ ನನಗ!”

“ಹೌದಾ? ಮತ್ತ ನೀವು ಜವಾಬ ಕೊಡ್ಲಿಲ್ಲೇನ್ರಿ?” ಎಂದು ಕೇಳಿದಳು ತಂಗಿ, ಅತ್ಯಂತ ಕಳವಳದಿಂದ.

ಆ ತಾಯಿ ಸ್ವಲ್ಪ ಹೊತ್ತು ಯೋಚಿಸಿ ಹೋದಳು. ಮರುದಿನದಿಂದ ಆ ಓಣಿಯಲ್ಲಿ ಎರಡು ದನಿ ಕೇಳಿಸತೊಡಗಿದವು.

ಇನ್ನು ತಾಲೂಕಿನಿಂದ ಸಾಹೇಬರು ತಪಾಸಣೆಗೆ ಬಂದ ಪ್ರಸಂಗ. ಗಂಭೀರ ಮನುಷ್ಯರು. ನನಗೆ ಕಂಡ ಕೂಡಲೇ ಗೌರವ ಹುಟ್ಟಿತು. ಕುರ್ಚಿಯಲ್ಲಿ ಕುಳಿತು ಮೂರನೆಯ ಇಯತ್ತೆಯವರನ್ನು ಕೇಳಿದರು: “ಏಳೆಂಟಲಿ ಎಷ್ಟು?” ಸಾಮಾನ್ಯ ಪ್ರಶ್ನೆ. ಸಾಮಾನ್ಯ ಶಾಲೆಯಲ್ಲಾದರೆ ಒಬ್ಬ ಎದ್ದು ಐವತ್ತಾರು ಎಂದು ಕುಳಿತುಕೊಳ್ಳುತ್ತಿದ್ದ, ಅಥವಾ ಹೇಳಲಾರದೆ ನಿಂತುಕೊಳ್ಳುತ್ತಿದ್ದ. ಇಲ್ಲಿ ಮಗ್ಗಿ ಹಾಡಾಗಿ ಹೊಟ್ಟೆ ಸೇರಿದೆ. ಹಾಡನ್ನು ನಡುವಿನಿಂದ ಹಾಡಲು ಬರುತ್ತದೆಯೇ? ಮಕ್ಕಳು ಏಳೊಂದಲಿಯಿಂದ ಎತ್ತಿಕೊಂಡರು. ದಪ್ಪು ಬಡಿಯಿತು. ಸಾಹೇಬರು ಕೈ ಎತ್ತಿ ತಡೆಯಲು ನೋಡಿದರು. ಮಕ್ಕಳು ಅದನ್ನು ತಾಳವೆಂದು ತಿಳಿದು ವೇಗ ಹೆಚ್ಚಿಸಿದರು. ಏಳೈದಲಿಯ ಹೊತ್ತಿಗೆ ಸಾಹೇಬರ ಬೂಟು ನೆಲವನ್ನು ತಟ್ಟತೊಡಗಿತ್ತು. ಏಳೆಂಟಲಿ ಬಂತು, ಹೋಯಿತು. ಅವರಿಗೆ ಗೊತ್ತೇ ಆಗಲಿಲ್ಲ. ಹಾಡು ಮುಗಿದಾಗ ಕಣ್ಣು ತೆರೆದು, “ಇನ್ನೊಮ್ಮೆ ಆಗಲಿ” ಎಂದರು. ಉತ್ತರಕ್ಕಾಗಿಯೋ ಹಾಡಿಗಾಗಿಯೋ, ಇಂದಿಗೂ ತಿಳಿಯದು. ಎರಡನೆಯ ಸಲ “ಗೀ ಗೀ” ಎಂಬುದರಲ್ಲಿ ಒಂದು ಗಡಸು ದನಿ ಸೇರಿದ್ದನ್ನು ಕೇಳಿ ತಿರುಗಿ ನೋಡಿದರೆ, ಜೀಪಿನ ಡ್ರೈವರ ಬಾಗಿಲಲ್ಲಿ ನಿಂತಿದ್ದ!

ಸಾಹೇಬರು ಪುಸ್ತಕದಲ್ಲಿ ಹೀಗೆ ಬರೆದು ಹೋದರು: “ಕಲಿಕೆ ತೃಪ್ತಿಕರ. ಸದ್ದು ಬಹಳ.” ಎರಡನೆಯ ವಾಕ್ಯಕ್ಕೆ ನನ್ನ ಪೂರ್ಣ ಸಮ್ಮತಿ ಇತ್ತು.

ಸದ್ದಿನ ಕಥೆ ಇಷ್ಟಾದರೆ, ಇನ್ನು ಬೆಳಕಿನ ಕಥೆ. ತಂಗಿಯ ಹಳೆಯ ವಿದ್ಯಾರ್ಥಿಯೊಬ್ಬ ನಾಲತವಾಡದಲ್ಲಿ ಮದುವೆಯ ವಿಡಿಯೋ ತೆಗೆಯುವ ಅಂಗಡಿ ಇಟ್ಟಿದ್ದಾನೆ. ಅವನು ತನ್ನದೊಂದು ಹಳೆಯ ಪ್ರೊಜೆಕ್ಟರನ್ನು ತಂದುಕೊಟ್ಟ. ಪರದೆಗೆ ನನ್ನ ಜರಿಯಂಚಿನ ಧೋತರ ಹೋಯಿತು. ಅಪ್ಪಣೆ ಕೇಳಲಿಲ್ಲ. ನಾನು ಸ್ನಾನಕ್ಕೆ ಹೋಗಿದ್ದೆ, ಬರುವಷ್ಟರಲ್ಲಿ ಅದು ಶಿಕ್ಷಣ ಕ್ಷೇತ್ರವನ್ನು ಸೇರಿತ್ತು. ಹಾಡುಹಗಲಲ್ಲಿ ಸಿನಿಮಾ ಕಾಣಬೇಕಾದರೆ ಕತ್ತಲೆ ಬೇಕಲ್ಲ? ಅದನ್ನು ಕೊಟ್ಟವನು ಮಾಯಕ್ಕನ ಅಪ್ಪ. ಮಾಯಕ್ಕ ಎರಡನೆಯ ಇಯತ್ತೆಯ ಹುಡುಗಿ. ಅವಳಪ್ಪ ಕುರಿ ಕಾಯುವವನು. ಮನೆಯಲ್ಲಿದ್ದ ನಾಲ್ಕು ಕರಿ ಕಂಬಳಿ ತಂದು ನಾಲ್ಕು ಕಿಟಕಿಗೆ ತಾನೇ ಕಟ್ಟಿಕೊಟ್ಟ. ಕೋಣೆ ಗವಿಯಾಯಿತು. ಅಂದಿನಿಂದ ಅಲ್ಲಿ ಯಾವ ಸಿನಿಮಾ ತೋರಿಸಿದರೂ, ಮೀನಿನದೇ ಇರಲಿ, ಮಲ್ಲಿಗೆಯದೇ ಇರಲಿ, ವಾಸನೆ ಮಾತ್ರ ಕುರಿಯದು. ಊರವರು ಅದಕ್ಕೆ ‘ಕಂಬಳಿ ಟಾಕೀಸು’ ಎಂದು ಹೆಸರಿಟ್ಟರು.

ಸಿನಿಮಾ ಎಲ್ಲಿಂದ ತರುವುದು? ತಂಗಿ ತಾನೇ ಫೋನಿನಲ್ಲಿ ತೆಗೆದಳು. ಮೊದಲನೆಯದು ಬೀಜ ಮೊಳೆಯುವ ಸಿನಿಮಾ. ಹತ್ತು ದಿನ ಹೆಸರುಕಾಳಿನ ಮುಂದೆ ಕುಳಿತು ತೆಗೆದು, ಜೋಡಿಸಿ ಕೊಡಲು ನಾಲತವಾಡಕ್ಕೆ ಕಳಿಸಿದಳು. ಆ ಹುಡುಗನಿಗೆ ಜೀವಮಾನದಲ್ಲಿ ಗೊತ್ತಿರುವುದು ಮದುವೆ ಒಂದೇ. ಕೈ ರೂಢಿ ಬಿಡುತ್ತದೆಯೇ? ಮೊಳಕೆ ತಲೆ ಎತ್ತಿದ ಕ್ಷಣದಲ್ಲಿ ಪರದೆಯ ತುಂಬ ಗುಲಾಬಿ ಪಕಳೆ ಉದುರಿದವು, ಕೆಂಪು ಹೃದಯಗಳು ಹಾರಾಡಿದವು, ಶಹನಾಯಿ ಮೊಳಗಿತು! ಮಕ್ಕಳು ಅಕ್ಷತೆ ಹಾಕುವವರಂತೆ ಎದ್ದು ನಿಂತರು. ಮುಂದಿನ ವಾರದ ಪರೀಕ್ಷೆಯಲ್ಲಿ ‘ಬೀಜ ಮೊಳೆಯಲು ಏನೇನು ಬೇಕು?’ ಎಂಬುದಕ್ಕೆ ಒಬ್ಬ ಬರೆದ: ‘ನೀರು, ಗಾಳಿ, ಬಿಸಿಲು, ಶಹನಾಯಿ.’

ನಾನಾಗಿದ್ದರೆ ಕಾಗದವನ್ನು ಹರಿಯುತ್ತಿದ್ದೆ. ತಂಗಿ ಪೂರ್ತಿ ಅಂಕ ಕೊಟ್ಟಳು. “ಕೇಳಿದ್ದು ಬರದಾನ. ನಾಲ್ಕನೇದು ಅವನ ಖುಷಿ” ಎಂದಳು.

ಆಮೇಲೆ ಕಥೆಯ ಸಿನಿಮಾಗಳು ಬಂದವು. ಅವುಗಳ ಜೊತೆ ಆಕೆಯ ಅತಿ ದೊಡ್ಡ ಹುಚ್ಚೂ ಬಂತು. ಸಿನಿಮಾ ಕೊನೆ ಮುಟ್ಟುವ ಮೊದಲೇ ಪಟ್ಟನೆ ನಿಲ್ಲಿಸಿಬಿಡುತ್ತಾಳೆ! “ಕಡೇ ಭಾಗ ಪುಕ್ಕಟೆ ಸಿಗೂದಿಲ್ಲ. ಎಲ್ಲಾರೂ ತಲಿಗೊಂದು ಕಡೇ ಭಾಗ ಹೇಳ್ರಿ, ಆಮ್ಯಾಲ ನಂದು ತೋರಸ್ತೇನಿ.” ಒಬ್ಬರು ಬಾಕಿ ಉಳಿದರೂ ಇಲ್ಲ. ಮಕ್ಕಳು ಒದ್ದಾಡಿ, ಹಟ ಹಿಡಿದು, ಕಡೆಗೆ ಹೇಳಿಯೇ ಹೇಳುತ್ತಾರೆ. ಇಪ್ಪತ್ತೊಂದು ಮಕ್ಕಳು ಬಾಯಿಯಿಂದ ಹೇಳಿದರೆ, ಮಾಯಕ್ಕನೊಬ್ಬಳು ಪಾಟಿಯ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದಳು. ಏಕೆಂದರೆ ಮಾಯಕ್ಕ ಶಾಲೆಗೆ ಸೇರಿದ ದಿನದಿಂದ ಶಾಲೆಯೊಳಗೆ ಒಂದು ಮಾತು ಆಡಿರಲಿಲ್ಲ. ಮೂಕಿ ಅಲ್ಲ, ಕಿವುಡಿ ಅಲ್ಲ. ಲೆಕ್ಕ ಬರುತ್ತದೆ, ಅಕ್ಷರ ದುಂಡಗೆ ಬರೆಯುತ್ತಾಳೆ. ಹೊಸ್ತಿಲು ದಾಟಿ ಒಳಗೆ ಬಂದರೆ ಬಾಯಿಗೆ ಬೀಗ, ಅಷ್ಟೆ.

ಪಂಚಮಿಯ ಹೊತ್ತಿಗೆ ಅವಳಪ್ಪ ಶಾಲೆಗೆ ಬಂದ. ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಳ್ಳುತ್ತ ಬಾಗಿಲಲ್ಲೇ ನಿಂತ.

“ಅಕ್ಕೋರ, ದೀಪಾವಳಿ ಮುಗದ ಮ್ಯಾಲ ಕುರಿ ಹೊಡಕೊಂಡು ರಾಯಚೂರ ಕಡೆ ಹೊಂಟೇವ್ರಿ. ಈ ಸಲ ಮಾಯಕ್ಕನ್ನೂ ಕರಕೊಂಡ ಹೋಗ್ತೇನಿ.”

“ಯಾಕ್ರಿ? ಹೋದ ವರ್ಷ ನಿಮ್ಮವ್ವ, ಆಕಿ ಆಯಿ ಹಂತ್ಯಾಕ ಬಿಟ್ಟ ಹೋಗಿದ್ರಲ್ಲ?”

“ಬಿಟ್ಟಿದ್ದೆ. ಬಿಟ್ಟ ಏನಾತ್ರಿ? ವರ್ಷದ ಮ್ಯಾಲ ಆತು, ಸಾಲ್ಯಾಗ ಒಂದ ಮಾತ ಆಡೂದಿಲ್ಲ. ಸುಮ್ನ ಕುಂತ ಎದ್ದ ಬರಾಕ ಸಾಲಿ ಯಾಕ್ರಿ? ಕುರಿ ಸಂಗಾಟ ಇದ್ರ ದಿನಾನೂ ಹರಟಿ ಹೊಡೀತೈತಿ ಅದು.”

“ಮಂದಿ ಮುಂದ ಮಾತಾಡಿದ್ರ?”

“ಆಡಿದ್ರ ಬಿಡ್ತೇನ್ರಿ. ಆಯಿ ಹಂತ್ಯಾಕ ಇರ್ಲಿ, ಸಾಲಿ ಕಲೀಲಿ. ನಾ ಏನ ಅದಕ ವೈರಿ ಏನ್ರಿ?”

“ಮಾತ ಕೊಟ್ಟಂಗ?”

“ಕೊಟ್ಟಂಗ್ರಿ. ನಾವ ಹೊಂಡೂದ್ರಾಗ ಒಂದ ಮಾತ ಆಡ್ಲಿ, ಸಾಕು.”

ಅಂದು ಸಂಜೆ ತಂಗಿ ರೊಟ್ಟಿ ಬಡಿಯುವಾಗ ಹಾಡಲಿಲ್ಲ. ನನಗೆ ಅದರಿಂದ ಸುಖವಾಗಬೇಕಾಗಿತ್ತು, ಆಗಲಿಲ್ಲ. “ಹಿಂಗ ಹೋದ ಹುಡುಗೂರ ಹೆಸರು ಹಾಜರಿ ಪುಸ್ತಕದಾಗ ಉಳೀತಾವ ಅಣ್ಣಾ. ಹುಡುಗೂರು ತಿರುಗಿ ಬರೂದಿಲ್ಲ” ಎಂದಳು. ಆಮೇಲೆ ತಲೆ ಎತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟದ ಅರ್ಥ ಮರುದಿನ ತಿಳಿಯಿತು.

“ಅಣ್ಣಾ, ಈ ಸೀರಿ ಉಟ್ಕೊ.”

“ಏನು?”

“ಹೊಸಾ ಸಿನಿಮಾ ತಗೀಬೇಕಾಗೇತಿ. ಮುದುಕಿ ಪಾತ್ರ. ಊರಾಗಿನ ಹೆಣ್ಣಮಕ್ಕಳು ಫೋನ್ನ್ಯಾಗ ಬರೂದಿಲ್ಲ ಅಂತಾರ.”

“ನಾ ಹೆಡ್‌ಮಾಸ್ತರ ಇದ್ದಾಂವ!”

“ಬಯಲಾಟದಾಗ ಗೌಡ್ರು ಸೀರಿ ಉಡ್ತಿದ್ರು. ನೀ ಅವರಕಿಂತ ದೊಡ್ಡಾಂವೇನ?”

“ಮೀಸಿ?”

“ಸೆರಗ ಐತಲ್ಲ!”

ಓದುಗರೇ, ಮೂವತ್ತಾರು ವರ್ಷ ಮೂರು ತಾಲೂಕಿನ ಹುಡುಗರನ್ನು ನಡುಗಿಸಿದ ಮನುಷ್ಯ ಒಂದು ಮುಂಜಾನೆ ಹಸಿರು ಸೀರೆಯುಟ್ಟು, ಸೆರಗನ್ನು ಹಲ್ಲಲ್ಲಿ ಕಚ್ಚಿ, ಊರ ಬೀದಿಯಲ್ಲಿ ನಿಂತ. ಕಥೆ ಸರಳ: ಮುದುಕಿಯ ಕುರಿಮರಿ ಕಳೆದಿದೆ. ಅವಳು ಹಾದಿಯಲ್ಲಿ ಸಿಕ್ಕವರನ್ನೆಲ್ಲ, “ನನ್ನ ಮರಿ ಕಂಡಿರೇನು?” ಎಂದು ಕೇಳುತ್ತ ಹೋಗುತ್ತಾಳೆ. ಅಂಗಡಿಯವನನ್ನು, ಮೀನು ಹಿಡಿಯುವವನನ್ನು, ಬಸ್ಸಿನವನನ್ನು. ಮಕ್ಕಳಿಗೆ ಎಡ-ಬಲ, ಹಿಂದೆ-ಮುಂದೆ, ಯಾರ ಕಸುಬು ಏನು ಎಂಬುದು ಇದರಲ್ಲಿ ತಿಳಿಯಬೇಕು. ಮರಿ ಮಾಯಕ್ಕನ ಮನೆಯದು.

ಬಸ್ಸಿನ ದೃಶ್ಯಕ್ಕೆಂದು ಕೊಲ್ಹಾರದ ಬಸ್ಸನ್ನು ಕಾಯುತ್ತ ನಿಂತೆವು. ಬಸ್ಸು ಬಂತು. ತಂಗಿ ಫೋನು ಹಿಡಿದಳು. ನಾನು ಒಂದು ಮೆಟ್ಟಿಲು ಹತ್ತಿ ಬಾಯಿ ತೆರೆಯುವ ಮೊದಲೇ ಕಂಡಕ್ಟರ, “ಲಗೂ ಹತ್ತ ಆಯೀ, ಫ್ರೀ ಐತಿ. ಆಧಾರ ಕಾರ್ಡ ತೋರಸು” ಎಂದ. ಅಭ್ಯಾಸಬಲ ನೋಡಿ, ನನ್ನ ಕೈ ತಾನಾಗಿಯೇ ಸೊಂಟಕ್ಕೆ ಸಿಕ್ಕಿಸಿದ್ದ ಚೀಲದಿಂದ ಕಾರ್ಡು ತೆಗೆದು ತೋರಿಸಿಬಿಟ್ಟಿತು! ಅವನು ಕಾರ್ಡಿನ ಮೀಸೆಯನ್ನು ನೋಡಿದ. ಸೆರಗು ಜಾರಿದ ಮುಖದ ಮೀಸೆಯನ್ನು ನೋಡಿದ. ಸೀಟಿಯನ್ನು ಬಾಯಿಂದ ತೆಗೆದು, ಬಹಳ ಮೆಲ್ಲಗೆ ಕೇಳಿದ:

“ಸರ್ರ... ಮನ್ಯಾಗ ಏನರ ತ್ರಾಸ ಐತೇನ್ರಿ?”

ಈ ಭಾಗವನ್ನು ತೆಗೆದುಹಾಕು ಎಂದು ತಂಗಿಯನ್ನು ಬೇಡಿಕೊಂಡೆ. ಸಿನಿಮಾದಲ್ಲಿ ಅದು ಎರಡು ಸಲ ಇದೆ.

ಸಿನಿಮಾ ಸಿದ್ಧವಾಗಿ ಬಂತು. ಈ ಸಲ ಹೃದಯಗಳಿರಲಿಲ್ಲ. ಆದರೆ ಮುದುಕಿ ಅಳುವಾಗ ಹೆಣ್ಣು ಒಪ್ಪಿಸುವ ಸಂಗೀತ ಬರುತ್ತಿತ್ತು, ಅದು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಮುದುಕಿ ಹಿನ್ನೀರಿನ ದಂಡೆಗೆ ಬಂದು, ಹುಬ್ಬಿಗೆ ಕೈ ಹಚ್ಚಿ ದೂರ ನೋಡುತ್ತ ನಿಂತಳು. ಅಲ್ಲಿಗೆ ತಂಗಿ ನಿಲ್ಲಿಸಿದಳು.

“ಮರಿ ಎಲ್ಲೈತಿ? ಹೇಳ್ರಿ. ಈ ಸಲ ಪಾಟಿ ನಡಿಯೂದಿಲ್ಲ, ಎಲ್ಲಾರೂ ಬಾಯಿಲೇ ಹೇಳಬೇಕು.”

“ತ್ವಾಳ ತಿಂದೈತ್ರಿ!” “ಬಸ್ಸ ಹತ್ತಿ ಬಾಗೇವಾಡಿಗೆ ಹೋಗೇತ್ರಿ!” “ನೀರಾಗ ಇಳದು ಮುಳುಗಿದ ಊರಾಗ ಅಡ್ಡಾಡಾಕತ್ತೈತ್ರಿ!” “ಮದವಿ ಮನ್ಯಾಗ ಬಿರಿಯಾನಿ ಮಾಡ್ಯಾರ್ರಿ!” ಇಪ್ಪತ್ತೊಂದು ಕಡೇ ಭಾಗ ಬಂದವು. ಇಪ್ಪತ್ತೆರಡನೆಯದು ಕಿಟಕಿಯ ಕಂಬಳಿಯ ಕೆಳಗೆ ಕುಳಿತು ತನ್ನ ಉಗುರನ್ನು ನೋಡಿಕೊಳ್ಳುತ್ತಿತ್ತು. ಗಂಟೆ ಹೊಡೆಯಿತು. ಸಿನಿಮಾ ಮರುದಿನಕ್ಕೆ ಹೋಯಿತು. ಮರುದಿನ ಅದರ ಮರುದಿನಕ್ಕೆ.

ಎಂಟು ದಿನದಲ್ಲಿ ಇದು ಶಾಲೆಯ ವಿಷಯವಾಗಿ ಉಳಿಯಲಿಲ್ಲ. ಕಂಬಳಿಯ ಸಂದಿಯಿಂದ ಇಣುಕಿ ನೋಡಿದ ದೊಡ್ಡವರಿಗೂ ಮರಿಯ ಚಿಂತೆ ಹತ್ತಿತ್ತು. ಬಿಸಿಯೂಟದ ಅಡಿಗೆಯವ್ವ ಎರಡು ಸಲ ಸಾರು ಹೊತ್ತಿಸಿದಳು. ಮಸೂತಿ ಎಂಬ ಊರಿನಿಂದ ಬಂದ ಯಾರದೋ ಬೀಗರು ಅರ್ಧ ಸಿನಿಮಾ ನೋಡಿಹೋಗಿ, ದಿನಾ ಫೋನು ಮಾಡಿ, “ಮರಿ ಸಿಕ್ತೇನ್ರಿ?” ಎಂದು ಕೇಳತೊಡಗಿದರು. ಪಂಚಾಯತಿ ಮೆಂಬರರೊಬ್ಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು, “ಮರೀನ್ನ ಮೆಂಬರ ಹುಡುಕಿ ಕೊಡ್ತಾನ ಅಂತ ಮಾಡ್ರಿ. ನಾ ತಯಾರ ಅದೇನಿ” ಎಂದು ಸೂಚಿಸಿದರು. ನಾನು ಚಹಾ ಕುಡಿಯಲು ಹೋದರೆ ನಾಲ್ಕು ಮಂದಿ ಸುತ್ತುಗಟ್ಟಿ, “ಮುದುಕೀ ಸರ್ರ, ನಮಗಷ್ಟ ಹೇಳ್ರಿ, ಯಾರಿಗೂ ಹೇಳೂದಿಲ್ಲ” ಎನ್ನುತ್ತಿದ್ದರು. ನಾನು ರಾಜ್ಯದ ಗುಟ್ಟು ಕಾಯುವವನಂತೆ ನಕ್ಕು ಸುಮ್ಮನಿರುತ್ತಿದ್ದೆ.

ಎಲ್ಲರಿಗೂ ಗೊತ್ತಿತ್ತು: ಬಾಕಿ ಇರುವವಳು ಮಾಯಕ್ಕ ಒಬ್ಬಳೇ. ಅಂಗಡಿಯವನು ಪೆಪ್ಪರ್‌ಮಿಂಟ್ ಕೊಟ್ಟು, “ಏನರ ಅನ್ನ ನನ್ನವ್ವಾ, ಬರೀ ತ್ವಾಳ ಅಂದ್ರೂ ಸಾಕು” ಎಂದು ಕೈ ಮುಗಿದ. ಅಡಿಗೆಯವ್ವ ಎರಡು ಬಾಳೆಹಣ್ಣು ಹೆಚ್ಚಿಗೆ ಹಾಕಿದಳು. ಮಾಯಕ್ಕ ಎಲ್ಲವನ್ನೂ ಗಂಭೀರವಾಗಿ ತಿಂದು, ಗಂಭೀರವಾಗಿ ಸುಮ್ಮನಿದ್ದಳು. ಮೌನಕ್ಕೆ ಊರಿನಲ್ಲಿ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಅಲ್ಲಿಯೇ ಮೊದಲು ಕಂಡದ್ದು.

ತಂಗಿಗೆ ತಿಳಿದಾಗ ಅಂಗಡಿಯವರೆಗೂ ಹೋಗಿ ಬೈದು ಬಂದಳು. “ಆಕಿಗೆ ಯಾರೂ ಏನೂ ಕೇಳಬ್ಯಾಡ್ರಿ. ಕೇಳಿದಷ್ಟೂ ಬಾಯಿ ಗಟ್ಟಿ ಮುಚ್ಚತೈತಿ.” ತಾನೂ ಒಂದು ದಿನವಾದರೂ ಮಾಯಕ್ಕನನ್ನು ಹೆಸರು ಹಿಡಿದು ಕೇಳಲಿಲ್ಲ. ಎಲ್ಲರ ಸರದಿ ಮುಗಿದ ಮೇಲೆ ಅವಳ ಕಡೆ ಒಂದು ಗಳಿಗೆ ನೋಡಿ, ಹತ್ತು ಎಣಿಸುವಷ್ಟು ಹೊತ್ತು ಕಾದು, ಬೇರೆ ಪಾಠ ಎತ್ತಿಕೊಳ್ಳುತ್ತಿದ್ದಳು. ಪ್ರತಿದಿನ ಆ ಹತ್ತು ಎಣಿಕೆ ಕಾಯುತ್ತಿದ್ದಳು.

ದಸರೆ ಬಂದಾಗ ನನ್ನ ತಾಳ್ಮೆ ಮುಗಿಯಿತು.

“ಸಾಕಿನ್ನ. ಆ ಕಡೇ ಭಾಗ ತೋರಿಸಿಬಿಡು. ನನಗೂ ಗೊತ್ತಿಲ್ಲ ಅದು. ನೀರಿನ ದಂಡಿ ಮ್ಯಾಲ ನಿಂತದ್ದಷ್ಟ ನೆನಪೈತಿ, ಮುಂದಿಂದು ಯಾವಾಗ ತಗದಿ?”

“ತಗದಿಲ್ಲ.”

“ಅಂದ್ರ?”

“ಕಡೇ ಭಾಗ ಇಲ್ಲ ಅಣ್ಣಾ. ಆಕಿ ಏನ ಹೇಳ್ತಾಳ, ಅದನ್ನ ತಗೀತೇನಿ.”

“ಹೇಳ್ಲಿಲ್ಲಂದ್ರ?”

ಆಕೆ ಸೀರೆಯ ಸೆರಗಿನಿಂದ ಫೋನಿನ ಗಾಜನ್ನು ಒರೆಸುತ್ತ ಕುಳಿತಳು.

ದೀಪಾವಳಿ ಬಂತು, ಮುಗಿಯಿತು. ರಜೆ ಮುಗಿದು ಶಾಲೆ ತೆರೆದ ದಿನ ಮಧ್ಯಾಹ್ನ ತಂಗಿ ಮತ್ತೆ ಅದೇ ಸಿನಿಮಾ ಹಚ್ಚಿದ್ದಳು. ಮಕ್ಕಳಿಗೆ ಅದು ಬಾಯಿಪಾಠವಾಗಿತ್ತು. ಪರದೆಯ ಮೇಲಿನ ನನಗಿಂತ ಮೊದಲೇ “ನನ್ನ ಮರಿ ಕಂಡಿರೇನು?” ಎನ್ನುತ್ತಿದ್ದರು. ಮುದುಕಿ ನೀರಿನ ದಂಡೆ ಮುಟ್ಟುವ ಹೊತ್ತಿಗೆ ಬಾಗಿಲು ಸರಿಯಿತು. ಮಾಯಕ್ಕನ ಅಪ್ಪ.

“ನಡೀಲ್ರಿ ಅಕ್ಕೋರ, ನಡೀಲಿ. ಮುಂಜಾನೆ ಕುರಿ ಹೊಂಡಸ್ತೇವಿ. ಕಂಬಳಿ ಒಯ್ಯಾಕ ಬಂದೇನಿ. ಸಾವಕಾಶ ಬಿಚ್ಚತೇನಿ, ನೀವು ನಡಸ್ರಿ.”

ಅವನು ಮೊದಲ ಕಿಟಕಿಯ ಕಂಬಳಿ ಬಿಚ್ಚಿದ. ಬಿಸಿಲು ಒಂದು ಹಾಸು ಒಳಗೆ ಬಂದು ಬಿತ್ತು. ಎರಡನೆಯದನ್ನು ಬಿಚ್ಚಿದ. ಪರದೆಯ ಮೇಲೆ ಮುದುಕಿ ತೆಳ್ಳಗಾದಳು. ಮೂರನೆಯದಕ್ಕೆ ನೀರು ಹೋಯಿತು, ಆಕಾಶ ಹೋಯಿತು, ಮುದುಕಿ ಹೋದಳು. ಕೋಣೆಯ ತುಂಬ ಹಗಲು. ಗೋಡೆಯ ಮೇಲೆ ಒಂದು ಬಿಳಿ ಧೋತರ ಮಾತ್ರ. ಅವನು ನಾಲ್ಕನೆಯ ಕಿಟಕಿಗೆ ಬಂದ. ಅದು ಮಾಯಕ್ಕ ಕುಳಿತ ಜಾಗ. “ಏಳವಾ, ಪಾಟಿಚೀಲ ತಗೋ” ಎಂದ ಮೆತ್ತಗೆ. ಮಾಯಕ್ಕ ಎದ್ದು ನಿಂತಳು. ನಾನು ತಂಗಿಯ ಕಡೆ ನೋಡಿದೆ. ಆಕೆಯ ತುಟಿಗಳು ಅಲುಗುತ್ತಿದ್ದವು, ಎಣಿಸುತ್ತಿದ್ದಳು.

“ಅಪ್ಪಾ, ತಡಿ.”

ಅವನ ಕೈ ಗಂಟಿನ ಮೇಲೇ ನಿಂತಿತು. ಮಾಯಕ್ಕ ಖಾಲಿ ಧೋತರದ ಕಡೆ ಕೈ ಮಾಡಿದಳು.

“ಮರಿ ಕಳದಿಲ್ಲ. ಮರಿಗೆ ಮನಿ ಹಾದಿ ಗೊತ್ತಿರತೈತಿ. ಅದು ಮನ್ಯಾಗ ಐತಿ.” ಉಸಿರು ಎಳೆದುಕೊಂಡಳು. “ಮುದುಕಿ ಕಳದಾಳ. ಮರಿ ಆಕಿನ್ನ ಹುಡುಕಾಕತ್ತೈತಿ.”

ಮುಂದಿನ ಸಾಲಿನಿಂದ ಒಂದು ಕಳವಳದ ದನಿ: “ಸಿಗ್ತಾಳೇನ ಮತ್ತ?”

“ಸಿಗ್ತಾಳ. ಮರಿ ಮುಂದ ನಡೀತೈತಿ, ಆಕಿ ಹಿಂದ ಬರ್ತಾಳ.”

ಮಾಯಕ್ಕನ ಅಪ್ಪ ತಲೆ ಆಡಿಸಿದ. “ಖರೇ ಐತ್ರಿ ಅಕ್ಕೋರ. ಮರಿ ಎಂದೂ ಕಳಿಯೂದಿಲ್ಲ, ಹಾಲಿನ ಹೊತ್ತಿಗೆ ಹಟ್ಟಿಗೆ ಬಂದ ಬಿಡತೈತಿ. ಮೊದಲನೇ ದಿನಾನ ಹೇಳಬೇಕಂದಿದ್ದೆ. ಓದಿದವ್ರು ತಗದಾರ, ನಾ ಏನ ಹೇಳೂದಂತ ಸುಮ್ನಾದೆ.”

ನಾವಿಬ್ಬರು, ಇಬ್ಬರ ಮಾಸ್ತರಿಕೆ ಕೂಡಿಸಿದರೆ ಅರವತ್ತು ವರ್ಷ ದಾಟುವ ಅಣ್ಣ-ತಂಗಿ, ಕುರಿಯ ಬಗ್ಗೆ ಸಿನಿಮಾ ತೆಗೆದಿದ್ದೆವು. ಕುರಿ ಬಲ್ಲವರು ಆ ಊರಿನಲ್ಲಿ ಇದ್ದದ್ದು ಇಬ್ಬರು. ಅವರನ್ನು ಬಿಟ್ಟು ಮಿಕ್ಕವರೆಲ್ಲ ಮಾತಾಡಿದ್ದೆವು.

ಅವನು ಇಷ್ಟು ಹೇಳಿ ಮುಗಿಸಿದ ಮೇಲೆ, ತಾನು ಯಾರ ಮಾತಿಗೆ ಹೌದೆಂದೆ ಎಂಬುದು ಅವನಿಗೆ ಹೊಳೆಯಿತು. ಮಗಳ ಮುಖವನ್ನು ನೋಡಿದ. ಇಪ್ಪತ್ತೊಂದು ಮಕ್ಕಳನ್ನು ನೋಡಿದ. ಬಿಚ್ಚುತ್ತಿದ್ದ ಗಂಟನ್ನು ಮತ್ತೆ ಬಿಗಿದ.

“ಇದೊಂದ ಇಲ್ಲೇ ಇರ್ಲಿ ಬಿಡ್ರಿ” ಎಂದ.

ಕರಿಹಲಗೆಯ ಮೇಲೆ ಏನೂ ಬರೆದಿರಲಿಲ್ಲ. ತಂಗಿ ನಮಗೆ ಬೆನ್ನು ಮಾಡಿ ಅದನ್ನು ಬಹಳ ಹೊತ್ತು ಒರೆಸಿದಳು.

ಮರುದಿನ ಮುಂಜಾನೆ ಕಡೇ ಭಾಗ ತೆಗೆದೆವು. ಮರಿ ಮುಂದೆ, ಸೀರೆಯುಟ್ಟ ನಾನು ಹಿಂದೆ. ಕುರಿಗಳು ಒಂದು ದಿನ ತಡವಾಗಿ ರಾಯಚೂರ ಕಡೆ ಹೊರಟವು. ಮಾಯಕ್ಕ ಆಯಿಯ ಹತ್ತಿರ ಉಳಿದಳು. ಈಗ ಮೂರನೆಯ ಇಯತ್ತೆಯಲ್ಲಿದ್ದಾಳೆ. ಹಾಜರಿ ಕೂಗಿದಾಗ ‘ಬಂದೇನ್ರಿ’ ಎನ್ನುತ್ತಾಳೆ.